ಅರ್ಧ ಮಿಲಿಮೀಟರು ಸಂದು

ಬೆಟಗೇರಿ
೬-೨-೧೯೮೭, ಶುಕ್ರವಾರ

ಪ್ರೀತಿಯ ನಜೀರಸಾಬ ಕಾಕಾ ಅವರಿಗೆ,

ಬನಶಂಕರೆವ್ವನ ಶರಣು. ನಾಲ್ಕು ತಿಂಗಳಿಂದ ನನ್ನೊಡನೆ ಮಾತು ಬಿಟ್ಟು ಲಕ್ಷ್ಮೇಶ್ವರದಲ್ಲಿ ಮಗಳು ದಿಲಶಾದಬಿಯ ಮನೆ ಸೇರಿದ್ದೀರಿ. ಇರಲಿ. ಅವಳು ಈ ಪತ್ರ ಓದಿ ಹೇಳುವಾಗ ಕಿವಿ ಮುಚ್ಚಿಕೊಳ್ಳದಿದ್ದರೆ ಸಾಕು. ನಾವು ಗೆದ್ದೆವು ಕಾಕಾ! ನಿನ್ನೆ ಗೆದ್ದೆವು!

ಮೂರು ವರ್ಷದ ಹಿಂದೆ ನಿಮ್ಮ ಲೇತ್ ಅಂಗಡಿಯ ಬಾಗಿಲಲ್ಲಿ ನಿಂತು, ರಕ್ತ ಓಡಿಸುವ ಪಂಪು ಮಾಡಬೇಕು, ಅದರ ಚಕ್ರ ಯಾವುದಕ್ಕೂ ತಾಗದೆ ಅಯಸ್ಕಾಂತದ ಬಲದಿಂದ ನಡುವೆ ತೇಲುತ್ತ ತಿರುಗಬೇಕು ಎಂದಿದ್ದೆ. ನೀವು ಕನ್ನಡಕ ಹಣೆಗೇರಿಸಿ, "ಹೊಲಕ್ಕ ನೀರು ಹಾಯಿಸೂ ಪಂಪ್ ರಿಪೇರಿ ಮಾಡಾಂವ ನಾ. ಗಾಳ್ಯಾಗ ತೇಲಸೂದು ಜಿನ್ನಿನ ಕೆಲಸ. ಆ ಇಂಜಿನಿಯರಿಂಗ್ ಸಾಲ್ಯಾಗ ಇದನ್ನ ಕಲಿಸ್ಯಾರೇನು?" ಅಂದಿರಿ. ಮರುದಿನ ನೋಡಿದರೆ ನನಗಿಂತ ಮೊದಲೇ ಬಂದು ಕೂತಿದ್ದಿರಿ.

ಹೃದಯದ ಆಪರೇಷನ್ ಮುಗಿಯುವ ತನಕ ಹೃದಯದ ಕೆಲಸವನ್ನು ಆ ಪಂಪು ಮಾಡಬೇಕಿತ್ತು. ರಕ್ತ ನೀರಿನಂತಲ್ಲ, ತಿಕ್ಕಿದರೆ ಅದರ ಕಣ ಒಡೆಯುತ್ತದೆ. ಗುರುವಾರಕ್ಕೊಮ್ಮೆ ಕಸಾಯಿ ಗುಡುಸಾಬ ಕ್ಯಾನಿನಲ್ಲಿ ಆಡಿನ ರಕ್ತ ತಂದುಕೊಡುತ್ತಿದ್ದ. ಒಂದು ಹನಿ ಸಿಡಿದರೂ ನಮಾಜಿಗೆ ನಡೆಯುವುದಿಲ್ಲವೆಂದು ನೀವು ಆ ಕೆಲಸಕ್ಕೇ ಒಂದು ಹಳೆಯ ಚೌಕಳಿ ಲುಂಗಿ ಇಟ್ಟಿದ್ದಿರಿ. ಪರೀಕ್ಷೆ ಮುಗಿದೊಡನೆ ಸ್ನಾನ, ಆಮೇಲೆ ಮಸೀದಿ. ವಾರಕ್ಕೊಂದು ಸಾಬೂನು ಮುಗಿಯುತ್ತದೆಂದು ಮೆಹಬೂಬಿ ಚಾಚಿ ಬೈದದ್ದು ನಿಮ್ಮನ್ನಲ್ಲ, ನನ್ನನ್ನು.

ಪ್ರತಿ ಸಲವೂ ಕಣ ಒಡೆಯುತ್ತಿತ್ತು. ತಪ್ಪು ಎಲ್ಲಿದೆಯೆಂದು ನನಗೆ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ಚಕ್ರಕ್ಕೂ ಅದರ ಸುತ್ತಲಿನ ಗೂಡಿಗೂ ನಡುವೆ ನೀವು ಬಿಟ್ಟ ಸಂದು ಕೂದಲೆಳೆಗೂ ಸಾಲದಷ್ಟಿತ್ತು. "ಕೂದಲಾ ತೂರಿದ್ರ ಅದು ಪಂಪ್ ಅಲ್ಲ. ಸಂದು ಬಿಟ್ಟಾಂವ ಮಿಸ್ತ್ರಿನೂ ಅಲ್ಲ" ಎನ್ನುವುದು ನಿಮ್ಮ ನಲವತ್ತು ವರ್ಷದ ಮಾತು. ನೀರಿಗೆ ಅದು ಖರೆ. ರಕ್ತ ಮಾತ್ರ ಆ ಇಕ್ಕಟ್ಟಿನಲ್ಲೇ ಅರೆದುಹೋಗುತ್ತಿತ್ತು. ಕೊನೆಗೊಂದು ದಿನ ನೀವು ಊಟಕ್ಕೆ ಹೋದಾಗ, ಹನ್ನೊಂದು ದಿನ ಕೂತು ನೀವು ಕಡೆದ ಗೂಡನ್ನು ನಿಮ್ಮದೇ ಲೇತಿಗೆ ಕಟ್ಟಿ ಅಗಲ ಮಾಡಿಬಿಟ್ಟೆ. ಸುತ್ತಲೂ ಅರ್ಧ ಮಿಲಿಮೀಟರು ಸಂದು ಇರಬೇಕೆಂದು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಅಳತೆ ಬರೆದೆ. ನೀವು ಬಂದು ನೋಡಿದಿರಿ. "ನನ್ನ ಕೆಲಸಕ್ಕ ಕೈ ಹಚ್ಚಾಕ ನೀ ಯಾರ?" ಅಂದಿರಿ. ಅದೇ ಕೊನೆಯ ಮಾತು.

ಅಲ್ಲಾ ನಿಮ್ಮ ಶಾಪ ಕೇಳಿಸಿಕೊಂಡನೋ ಏನೋ, ನಾನು ಕಡೆದದ್ದು ಸೊಟ್ಟಗಾಗಿತ್ತು. ಸಂದು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಚಕ್ರ ನಡುಗಿ ಗೋಡೆಗೆ ಬಡಿಯುತ್ತಿತ್ತು. ದೂರದ ಸಂದಿಗೆ ಅಯಸ್ಕಾಂತದ ಬಲ ಸಾಲದೆಂದು ತಂತಿಯ ಸುತ್ತು ಹೆಚ್ಚಿಸಿದೆ. ನೇಕಾರರ ಮನೆಯವಳಿಗೆ ಸುತ್ತುವುದನ್ನು ಯಾರೂ ಕಲಿಸಬೇಕಿಲ್ಲ, ಕಡೆಯುವ ಕೈ ಮಾತ್ರ ನನ್ನದಲ್ಲ. ಆದರೂ ನಡುಕ ನಿಲ್ಲಲಿಲ್ಲ. ಈ ಪಂಪು ಬೇಕೆಂದಿದ್ದ ಹುಬ್ಬಳ್ಳಿಯ ಡಾಕ್ಟರ್ ಗವಿಸಿದ್ದಪ್ಪನವರು, "ಫೆಬ್ರುವರಿ ಐದಕ್ಕ ಬರ್ತೀನವಾ. ಆವತ್ತೂ ಆಗ್ಲಿಲ್ಲಂದ್ರ ಇದನ್ನ ಇಲ್ಲಿಗೇ ಬಿಡೂಣು" ಎಂದರು. ಆವತ್ತು ಅಂಗಡಿಯಲ್ಲಿ ಕೂತು ಅತ್ತೆ ಕಾಕಾ.

ಕಳೆದ ಶನಿವಾರ ಲಕ್ಷ್ಮೇಶ್ವರದ ಬಸ್ಸಿನ ಕಂಡಕ್ಟರ್ ಒಂದು ಗಂಟು ತಂದುಕೊಟ್ಟ. "ಒಬ್ಬ ದಾಡಿ ಅಜ್ಜ ಕೊಟ್ಟಾನ್ರಿ. ಹೆಸರು ಹೇಳಬ್ಯಾಡ ಅಂದಾನ" ಎಂದ. ಗಂಟು ಕಟ್ಟಿದ್ದು ಅದೇ ಚೌಕಳಿ ಲುಂಗಿಯಲ್ಲಿ! ಒಳಗೆ ಹೊಸ ಗೂಡು. ಹನ್ನೆರಡು ಕಡೆ ಅಳೆದೆ. ಹನ್ನೆರಡೂ ಕಡೆ ಅರ್ಧ ಮಿಲಿಮೀಟರು, ಎಳ್ಳಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಯಾರ ಲೇತಿನ ಮೇಲೆ ಕೂತು, ಯಾರ ಕಾಲು ಹಿಡಿದು ಮಾಡಿದಿರೋ! ಎದೆಗೊತ್ತಿಕೊಂಡು ಮತ್ತೆ ಅತ್ತೆ, ಈ ಸಲ ಬೇರೆ ಅಳು.

ನಿನ್ನೆ ಆರು ತಾಸು ಓಡಿಸಿದೆವು. ಚಕ್ರ ಒಮ್ಮೆಯೂ ಗೋಡೆ ಮುಟ್ಟಲಿಲ್ಲ. ಡಾಕ್ಟರು ರಕ್ತವನ್ನು ಗಾಜಿನ ಕೊಳವೆಗೆ ಹಾಕಿ, ಕೈಯಂತ್ರದಲ್ಲಿ ಗರಗರ ತಿರುಗಿಸಿ, ಬೆಳಕಿಗೆ ಹಿಡಿದರು. ಕಣ ಒಡೆದಿದ್ದರೆ ಮೇಲಿನ ತಿಳಿ ಕೆಂಪಗಿರಬೇಕಿತ್ತು. ಅದು ಕಡಲೆಬೇಳೆ ನೆನೆಸಿದ ನೀರಿನ ಹಾಗೆ ತೆಳು ಹಳದಿಯಾಗಿತ್ತು! ಗುಡುಸಾಬ ನನಗಿಂತ ಜೋರಾಗಿ ಕೂಗಿದ. ಡಾಕ್ಟರು ನಿಮ್ಮ ಗೂಡನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಮಾಡಿದ ಕೈ ಯಾರದು?" ಎಂದು ಕೇಳಿದರು. ನಿಮ್ಮ ಹೆಸರು ಹೇಳುವಾಗ ನನ್ನ ದನಿ ಅಂಗಡಿ ದಾಟಿ ಬೀದಿಗೆ ಕೇಳಿಸಿರಬೇಕು.

ಅವರಿಗೆ ಇನ್ನೂ ನಾಲ್ಕು ಪಂಪು ಬೇಕಂತೆ. ನಮ್ಮ ಕಾಕಾನನ್ನು ಕೇಳದೆ ಮಾತು ಕೊಡಲಾರೆ ಎಂದಿದ್ದೇನೆ. ಸಂದು ಅಗಲ ಮಾಡಿದ್ದಕ್ಕೆ ನಾನು ತಪ್ಪೊಪ್ಪುವುದಿಲ್ಲ, ಅದು ಸರಿಯೇ ಇತ್ತು, ನಿಮಗೂ ಗೊತ್ತು. ಆದರೆ ನಿಮ್ಮ ಕೈಕೆಲಸವನ್ನು ನಿಮ್ಮನ್ನು ಕೇಳದೆ ಮುಟ್ಟಿದೆನಲ್ಲ, ಅದಕ್ಕೆ ಕಾಲಿಗೆ ಬೀಳುತ್ತೇನೆ.

ಸೋಮವಾರ ಮೊದಲ ಬಸ್ಸಿಗೆ ನಿಮ್ಮನ್ನು ಕರೆದೊಯ್ಯಲು ಬರುತ್ತಿದ್ದೇನೆ. ನಿಮ್ಮ ಕೈಗೂ ಕಣ್ಣಿಗೂ ದೇವರು ನೂರು ವರ್ಷ ಬಲ ಕೊಡಲಿ. ಬಾಗಿಲು ತೆರೆದವರೇ ನನ್ನನ್ನು ಬಾಯಿ ತುಂಬ ಬೈಯಿರಿ ಕಾಕಾ, ನಿಮ್ಮ ದನಿ ಕೇಳದೆ ಇದ್ದದ್ದು ಸಾಕಾಗಿದೆ.

ನಿಮ್ಮ ಮಾತು ಮೀರಿದ ಮಗಳು,
ಬನಶಂಕರೆವ್ವ