ಹೊಳ್ಳಿ ಬರುವ ತಾರೀಖು

ಜಮಖಂಡಿ, ಗುರುವಾರ

ಸ್ನೇಹಾಳ ಅಪ್ಪನವರಿಗೆ, ಶರಣು.

ಫೋನಿನಲ್ಲಿ ನೀವು ಹೂಂ ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಮಸ್ಕತ್ತಿನ ಶಾಲೆಯವರು ಹದಿನೈದನೇ ತಾರೀಖಿನೊಳಗೆ ಬಂದು ಕೆಲಸಕ್ಕೆ ಸೇರಲು ಹೇಳಿದ್ದಾರೆ. ಎರಡು ವರ್ಷದ ಒಪ್ಪಂದ. ವಿಮಾನದ ಟಿಕೆಟ್ ಮಾಡಿಸಲು ಈ ವಾರ ಮೂರು ಸಲ ಹೋಗಿ, ಮೂರು ಸಲವೂ ಬರಿಗೈಲಿ ಬಂದೆ. "ಅಕ್ಕಾರ, ಹೊಳ್ಳಿ ಬರೂ ತಾರೀಖ ಹೇಳ್ರಿ. ಇಲ್ಲಾ, ಅಲ್ಲೇ ಮನಿ ಮಾಡಾವ್ರಿದ್ದೀರೇನ?" ಎಂದು ಏಜೆಂಟ್ ನಗುತ್ತಾನೆ. ಅದೇ ಯೋಚನೆಯಲ್ಲಿ, ಇಲ್ಲಿ ತರಗತಿಯಲ್ಲಿ ಮಕ್ಕಳಿಗೆ ಕವಿತೆ ಓದುವಾಗ ಒಂದೇ ಸಾಲನ್ನು ಎರಡು ಸಲ ಓದಿಬಿಡುತ್ತೇನೆ.

ಹೋದ ಭಾನುವಾರ ಬನಹಟ್ಟಿಯ ನಮ್ಮ ಮನೆಗೆ ಬಂದಾಗ ನಿಮ್ಮನ್ನೇ ಕೇಳಿದೆ. "ಕಲತಾಕಿ ಅದಿ, ನಿನಗ ತಿಳದಂಗ ಮಾಡು," ಎಂದಿರಿ, ಮಗ್ಗದಿಂದ ತಲೆ ಎತ್ತದೆ. ಆಮೇಲೆ ಮುಗಿದ ಸೀರೆ ಕೊಯ್ದು ತೆಗೆದಿರಿ. ಹೊಸ ಹಾಸಿನ ಉದ್ದನೂಲನ್ನು ಗಂಟು ಹಾಕಲು ಬೇಕೆಂದು ಹಳೆಯ ಹಾಸಿನ ಎಳೆಗಳನ್ನು ಮಗ್ಗದಲ್ಲೇ ಗೇಣುದ್ದ ಬಿಟ್ಟಿರಿ. ನೂಲಿನ ಬಗ್ಗೆ ಇಷ್ಟು ಮುಂದಿನದನ್ನು ಯೋಚಿಸುವವರು, ಹೆಂಡತಿ ಯಾವಾಗ ಹೊಳ್ಳಿ ಬರುತ್ತಾಳೆಂದು ಒಮ್ಮೆಯೂ ಕೇಳಲಿಲ್ಲ.

ಇವತ್ತು ಹೋಗುವುದಕ್ಕಷ್ಟೇ ಟಿಕೆಟ್ ಮಾಡಿಸಿದೆ. ಸಿಟ್ಟು ಸ್ವಲ್ಪ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಸಿಟ್ಟಿಗೆ ಮಾಡಿದ ಕೆಲಸವಲ್ಲ ಇದು. ಅಲ್ಲಿಯ ಶಾಲೆಗೆ ಜೂನ್ ಕೊನೆಯಿಂದ ಎರಡು ತಿಂಗಳು ರಜೆ. ಬರುವ ಟಿಕೆಟ್ ನೀವು ಮಾಡಿಸಿರಿ, ತಾರೀಖನ್ನೂ ನೀವೇ ಆರಿಸಿರಿ. ಏಜೆಂಟನಿಗೆ ಬೇಕಾಗುತ್ತದೆಂದು ನನ್ನ ಪಾಸ್‌ಪೋರ್ಟಿನ ಝೆರಾಕ್ಸ್ ಇದರೊಳಗೆ ಇಟ್ಟಿದ್ದೇನೆ.

ಗಂಗಾಂಬಿಕಾ