ಆರು ಗಂಟೆಯ ತಟ್ಟೆ

ಅತ್ತೆ,

ನೀವು ತೀರಿಕೊಂಡು ಒಂಬತ್ತು ವರ್ಷವಾದ ಮೇಲೆ ಈ ಕಾಗದ ಬರೆಯುತ್ತಿದ್ದೇನೆ. ನಿಮ್ಮದು ಸಂಜೆ ಆರಕ್ಕೇ ಊಟ. ತವರಿನ ಅಭ್ಯಾಸದಂತೆ ನನ್ನದು ಒಂಬತ್ತಕ್ಕೆ. ನಿಮಗೆ ಬಡಿಸಿಟ್ಟು ನಾನು ಹೊಲಿಗೆ ಮೆಷಿನ್ನಿನ ಮುಂದೆ ಹೋಗಿ ಕೂರುತ್ತಿದ್ದೆ. "ಹೊಲಿಗೆ ಮುಗೀತೇನಮ್ಮಾ?" ಎಂದು ದಿನಾ ಕೇಳುತ್ತಿದ್ದಿರಿ. ನನ್ನ ಕೆಲಸದ ಮೇಲೆ ಕಣ್ಣಿಟ್ಟಿದ್ದೀರಿ ಎಂದು ಮೈಯೆಲ್ಲ ಉರಿಯುತ್ತಿತ್ತು. ಬೇಕೆಂದೇ ಮೆಷಿನ್ನನ್ನು ಇನ್ನೂ ಜೋರಾಗಿ ತುಳಿಯುತ್ತಿದ್ದೆ.

ಈಗ ಡಾಕ್ಟರು ನನಗೂ ಆರಕ್ಕೇ ಉಣ್ಣಲು ಹೇಳಿದ್ದಾರೆ. ಇವತ್ತು ಒಬ್ಬಳೇ ತಟ್ಟೆಯ ಮುಂದೆ ಕೂತೆ. ಸೊಸೆ ಕೋಣೆಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಳು. ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಅವಳ ಕೋಣೆಯ ಕಡೆ ನೋಡಿದೆ.

"ಮಾತು ಮುಗೀತೇನಮ್ಮಾ?" ಎಂದು ಕೂಗಿದೆ.

ಅವಳು ಎದ್ದು ದಡಾರನೆ ಬಾಗಿಲು ಹಾಕಿಕೊಂಡಳು. ಅವಳ ಮೇಲೆ ಸಿಟ್ಟು ಬರಲಿಲ್ಲ, ಅತ್ತೆ. ಆ ಸದ್ದಿನಲ್ಲಿ ನನಗೆ ನನ್ನ ಮೆಷಿನ್ನೇ ಕೇಳಿಸಿತು.