ಎಡಬದಿಯ ಪಟ್ಟಿ

ಪ್ರಿಯ ಸುಧಾಕರನ್ ಮಾಷ್,

ಮೇಷ್ಟರಲ್ಲವೇ, ಫೋನಿನಲ್ಲಿ ಹೇಳಿದರೆ ಬೈಯುತ್ತೀರೆಂದು ಬರೆಯುತ್ತಿದ್ದೇನೆ. ನಿಮ್ಮ ಗೆಳೆಯರು, ನಮ್ಮ ಯಜಮಾನರು, ತೀರಿಹೋಗಿ ನಲವತ್ತೊಂದು ದಿನ ಕಳೆಯಿತು. ಜಾಗ ತುಂಬಿದೆಯೆಂದು ಅವರ ಕಂಪ್ಯೂಟರ್ ದಿನಾ ಗೊಣಗುತ್ತಿತ್ತು. ಸ್ವಚ್ಛ ಮಾಡಲು ಕೂತವಳು, ಹೆಸರಿನ ಮುಂದೆ ಚುಕ್ಕಿಯಿದ್ದ ಫೈಲುಗಳೆಲ್ಲ ಕಸವೆಂದು ಅಳಿಸಿಬಿಟ್ಟೆ. ಮತ್ತೆ ಆನ್ ಮಾಡಿದರೆ ಪರದೆ ಬೋಳು. ಪ್ರೋಗ್ರಾಂ ತೆರೆಯುವ ಗುಂಡಿಗಳ ಪಟ್ಟಿಯೇ ಮಾಯ.

ಪಕ್ಕದ ಮನೆಯ ಶೈಲಜಾ ಅರ್ಧ ಗಂಟೆ ಹೆಣಗಿ ಪಟ್ಟಿಯನ್ನು ಪರದೆಯ ಕೆಳಗೆ ತಂದು ಕೂರಿಸಿದಳು. "ಚೇಚಿ, ನಿಮ್ಮನೆಯವರು ಮಾಡಿಟ್ಟಿದ್ದ ಏರ್ಪಾಡೆಲ್ಲ ಆ ಚುಕ್ಕಿ ಫೈಲಲ್ಲೇ ಇದ್ದಿದ್ದು. ಹೋಗ್ಲಿ ಬಿಡಿ, ಈಗ ಹೊಸದರ ಥರಾ ಆಯ್ತಲ್ಲ!" ಎಂದಳು. ಹೊಸದು ಯಾರಿಗೆ ಬೇಕಿತ್ತು?

ಬಲಗೈ ಸ್ವಾಧೀನ ತಪ್ಪಿದ ಮೇಲೆ ಅವರು ಆ ಪಟ್ಟಿಯನ್ನು ಎಡಕ್ಕೆ ಎಳೆದುಕೊಂಡಿದ್ದರು, ಮೌಸನ್ನೂ ಎಡಕ್ಕಿಟ್ಟಿದ್ದರು. ಆರು ವರ್ಷ ನಾನೂ ಹಾಗೇ ಬಳಸಿದೆ. "ಇದೇನು ಎಡಚರ ಮನೇನಾ?" ಅಂತ ನೀವೇ ರೇಗಿಸುತ್ತಿದ್ದಿರಿ. ಈಗಲೂ ನನ್ನ ಕೈ ಎಡಕ್ಕೇ ಹೋಗುತ್ತದೆ. ಪರದೆಯಲ್ಲಿ ಅಲ್ಲೇನೂ ಇಲ್ಲ.

ಭಾನುವಾರ ಬಿಡುವು ಮಾಡಿಕೊಂಡು ಬನ್ನಿ, ಊಟಕ್ಕೆ ಪುಳಿಶ್ಶೇರಿ ಮಾಡಿರುತ್ತೇನೆ. ಉಳಿದದ್ದು ಮರಳಿ ಬಾರದಿದ್ದರೆ ಬೇಡ, ಪಟ್ಟಿ ಅದರ ಜಾಗಕ್ಕೆ ಬಂದರೆ ಸಾಕು.

ಮನೆಯೆಲ್ಲ ಒರೆಸಿದ್ದೇನೆ, ಮೌಸನ್ನು ಮಾತ್ರ ಒರೆಸಿಲ್ಲ. ನೀವೂ ಒರೆಸಬೇಡಿ.

ನಿಮ್ಮ ದಾರಿ ನೋಡುತ್ತಿರುವ
ವಿಲಾಸಿನಿ
ಒಟ್ಟಪ್ಪಾಲಂ